ಅಟ್ಟ ಸೇರಿದ ಈಳಿಗೆಮಣೆ: ಒಬ್ಬ ಬಾಣಂತಿಯ ಪ್ರಕರಣ ಅಧ್ಯಯನ

"ಮೇಡಂ, ಇಲ್ಲಿ ಹೇಳಿದ್ದು ಹೊರಗೆ ಯಾರಿಗೂ ಗೊತ್ತಾಗಲ್ಲ ಅಲ್ವಾ?"

ಆಕೆ ಬಂದು ಕೂತ ಮೇಲೆ ಆಡಿದ ಮೊದಲ ಮಾತು ಇದು. ವಯಸ್ಸು 26. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದರು. ಮಗುವಿಗೆ 11 ವಾರ. ಹಲ್ಲು ನೋವು, ಡಾಕ್ಟರ ಹತ್ತಿರ ಹೋಗಿ ಬರ್ತೀನಿ ಅಂತ ಅಮ್ಮನಿಗೆ ಸುಳ್ಳು ಹೇಳಿ, ಮಗುವನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು.

ತರಬೇತಿಯಲ್ಲಿ ಕಲಿಸಿದ ಉತ್ತರವನ್ನೇ ನಾನು ಕೊಟ್ಟೆ. "ನೀವು ಹೇಳಿದ್ದೆಲ್ಲ ಗುಟ್ಟಾಗಿ ಇರುತ್ತೆ. ಆದರೆ ನಿಮಗೆ ಅಥವಾ ಬೇರೆ ಯಾರಿಗಾದರೂ ಅಪಾಯ ಆಗುವಂಥ ವಿಷಯ ಇದ್ದರೆ ಮಾತ್ರ ಮನೆಯವರಿಗೆ ತಿಳಿಸಬೇಕಾಗುತ್ತೆ." ಆಕೆ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಾ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ "ಅಂಥದ್ದೇನಿಲ್ಲ ಮೇಡಂ, ರಾತ್ರಿ ನಿದ್ದೆ ಬರ್ತಿಲ್ಲ, ಅಷ್ಟೇ" ಅಂದರು.

ಆಕೆ ನಿಜವಾಗಿ ಹೇಳಬೇಕು ಅಂತ ಬಂದಿದ್ದ ಮಾತು ಹೊರಗೆ ಬರೋಕೆ ಇನ್ನೂ ಎರಡು ವಾರ ಬೇಕಾಯಿತು. ಅದನ್ನು ತಡೆದದ್ದು ನನ್ನ ಆ ಒಂದು ವಾಕ್ಯ. ವಾಕ್ಯ ತಪ್ಪಲ್ಲ, ಕಾನೂನಿಗೂ ಹತ್ತಿರವೇ ಇದೆ. ಆದರೆ ಆಕೆಗಿದ್ದಂಥ ಕಾಯಿಲೆ ಇರುವವರ ಕಿವಿಗೆ ಅದು ಹೇಗೆ ಕೇಳಿಸುತ್ತೆ ಅನ್ನೋದು ನನಗೆ ಗೊತ್ತಿರಲಿಲ್ಲ. ಇಡೀ ಪ್ರಕರಣವನ್ನು ಬರೆಯುತ್ತಿರುವುದು ಇದಕ್ಕೇ. ನಮ್ಮ ತರಬೇತಿಗಳಲ್ಲಿ ಚಿಕಿತ್ಸೆಯ ವಿಧಾನ ಒಂದು ದಿನ, ವೃತ್ತಿ ನೀತಿ ಇನ್ನೊಂದು ದಿನ. ಕೌನ್ಸೆಲಿಂಗ್ ಕೋಣೆಯಲ್ಲಿ ಅವೆರಡೂ ಒಟ್ಟಿಗೇ ಬರುತ್ತವೆ, ಒಂದು ಗೊತ್ತಿಲ್ಲದಿದ್ದರೆ ಇನ್ನೊಂದೂ ಕೈ ಕೊಡುತ್ತೆ.

ನನ್ನ ಬಗ್ಗೆ ಎರಡು ಮಾತು. ಮನಃಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ, ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಕೌನ್ಸೆಲರ್ ಆಗಿದ್ದೇನೆ. ಪರಿಚಯದ ವೈದ್ಯರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ವಾರಕ್ಕೆ ಮೂರು ದಿನ ಕೂರುತ್ತೇನೆ. ಈ ಬರಹಕ್ಕೆ ಆಕೆಯ ಲಿಖಿತ ಒಪ್ಪಿಗೆ ಇದೆ. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ.

ಮೊದಲ ಎರಡು ಭೇಟಿಗಳು

ಬಾಣಂತಿ, ನಿದ್ದೆ ಇಲ್ಲ, ಅಳು, ಊಟ ಸೇರಲ್ಲ. ನಾನು ಬಾಣಂತಿಯರ ಖಿನ್ನತೆ ಅಂತ ಅಂದಾಜು ಮಾಡಿದೆ. ಅದನ್ನು ಅಳೆಯುವ ಎಡಿನ್‌ಬರೋ ಮಾಪನದ ಕನ್ನಡ ರೂಪ ನನ್ನ ಹತ್ತಿರ ಇತ್ತು. 1987ರಲ್ಲಿ ಬಂದ, 10 ಪ್ರಶ್ನೆಗಳ ಚಿಕ್ಕ ಪಟ್ಟಿ ಅದು. ಆಕೆಗೆ 14 ಅಂಕ ಬಂತು. ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ, ಅದಕ್ಕೆ ಸೊನ್ನೆ. ನನಗೆ ಸಮಾಧಾನವಾಯಿತು. ಆದರೆ ಬೇಡದ ಯೋಚನೆಗಳು ತಲೆಗೆ ನುಗ್ಗುತ್ತವಾ ಅಂತ ಆ ಪಟ್ಟಿಯಲ್ಲಿ ಎಲ್ಲೂ ಕೇಳಿಲ್ಲ. ನಾನೂ ಕೇಳಲಿಲ್ಲ.

ಎರಡನೇ ಭೇಟಿಯಲ್ಲಿ ಉಸಿರಾಟದ ಅಭ್ಯಾಸ ಕಲಿಸಿದೆ. ರಾತ್ರಿ ಒಂದು ಹೊತ್ತು ಮಗುವನ್ನು ಅಮ್ಮ ನೋಡಿಕೊಳ್ಳಲಿ ಅಂದೆ. ಆಕೆ ಆ ಸಲಹೆಗೆ ತಕ್ಷಣ ಒಪ್ಪಿದರು, ಬೇಕಾದ್ದಕ್ಕಿಂತ ಜಾಸ್ತಿಯೇ ಬೇಗ. ನಾನು ಅದನ್ನು ಸಹಕಾರ ಅಂದುಕೊಂಡೆ. ಮಗುವಿನ ಜೊತೆ ಒಬ್ಬರೇ ಇರುವುದನ್ನು ತಪ್ಪಿಸಿಕೊಳ್ಳೋಕೆ ಆಕೆ ದಾರಿ ಹುಡುಕುತ್ತಿದ್ದರು, ಆ ದಾರಿಯನ್ನು ನಾನೇ ತೋರಿಸಿ ಕಳಿಸಿದ್ದೆ.

ಮೂರನೇ ಭೇಟಿ

ಅವತ್ತು ಆಕೆ ಕೂತ ತಕ್ಷಣ ಅಳೋಕೆ ಶುರು ಮಾಡಿದರು. ಮಾತು ತುಂಡು ತುಂಡಾಗಿ ಬಂತು.

"ಅಮ್ಮ ಬದನೆಕಾಯಿ ಹೆಚ್ಚು ಅಂದ್ರು. ಈಳಿಗೆಮಣೆ ಮೇಲೆ ಕೂತ್ಕೊಂಡೆ. ಪಕ್ಕದಲ್ಲೇ ಚಾಪೆ ಮೇಲೆ ಪಾಪು ಮಲಗಿತ್ತು. ತಲೇಲಿ ಒಂದು ಚಿತ್ರ ಬಂತು ಮೇಡಂ. ಅದನ್ನ ಬಾಯಲ್ಲಿ ಹೇಳೋಕಾಗಲ್ಲ. ನನ್ನ ಕೈಯೇ ಮಾಡ್ತಿರೋ ಹಾಗೆ."

ಇದು ನಡೆದು ಆರು ವಾರ ಆಗಿತ್ತು. ಅವತ್ತೇ ಆಕೆ ಈಳಿಗೆಮಣೆಯನ್ನು ಹಳೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದರು, ತುಕ್ಕು ಹಿಡಿದಿದೆ ಅಂತ ಅಮ್ಮನಿಗೆ ಹೇಳಿದ್ದರು. ಆಮೇಲೆ ಚಾಕು, ಕತ್ತರಿ. ಆಮೇಲೆ ಮಗುವಿಗೆ ನೀರು ಹಾಕುವ ಹೊತ್ತಿಗೆ ಬಚ್ಚಲ ಕಡೆ ಹೋಗುವುದನ್ನು ಬಿಟ್ಟರು. ಮಹಡಿ ಹತ್ತುವುದನ್ನು ಬಿಟ್ಟರು. ಆ ಚಿತ್ರ ಬಂದಾಗಲೆಲ್ಲ ದೇವರ ಫೋಟೋ ನೋಡಿ 21 ಸಲ ತಪ್ಪಾಯ್ತು ಅನ್ನಬೇಕು, ಲೆಕ್ಕ ತಪ್ಪಿದರೆ ಮತ್ತೆ ಮೊದಲಿಂದ. ರಾತ್ರಿ ಮಗುವಿಂದ ದೂರ, ಗೋಡೆ ಕಡೆ ಮುಖ ಮಾಡಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದರು.

ಕೊನೆಗೆ ಕೇಳಿದರು. "ನಾನು ಹಾಗೆ ಮಾಡಲ್ಲ ಅಲ್ವಾ ಮೇಡಂ? ನೀವು ಎಷ್ಟು ಜನರನ್ನ ನೋಡಿದ್ದೀರಿ, ನೀವೇ ಹೇಳಿ."

ನಾನು ಆಕೆಯ ಕೈ ಹಿಡಿದು "ಖಂಡಿತ ಮಾಡಲ್ಲ, ನಿಮ್ಮಂಥ ಒಳ್ಳೇ ತಾಯಿ ಹಾಗೆ ಮಾಡೋಕೆ ಸಾಧ್ಯಾನೇ ಇಲ್ಲ" ಅಂದೆ. ಆಕೆಯ ಮುಖ ಅರಳಿತು. ಐದು ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ. ಮತ್ತೆ ಅದೇ ಉತ್ತರ. ಆ ಒಂದು ಗಂಟೆಯಲ್ಲಿ ಕಡಿಮೆ ಅಂದರೂ ಏಳೆಂಟು ಸಲ ಹೇಳಿರಬೇಕು. ಹೊರಡುವಾಗ ಕೈಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ, ಯೋಚನೆ ಬಂದಾಗ ಅದನ್ನು ಎಳೆದು ಬಿಡಿ, ಮನಸ್ಸಲ್ಲೇ ನಿಲ್ಲು ಅನ್ನಿ ಅಂದೆ. ಹಿಂದೆ ಎರಡು ದಿನದ ಒಂದು ಕಾರ್ಯಾಗಾರದಲ್ಲಿ ಕಲಿತಿದ್ದು. ಅದರ ಪ್ರಮಾಣಪತ್ರ ಅದೇ ಕೋಣೆಯ ಗೋಡೆ ಮೇಲಿತ್ತು.

ಆಕೆ ಹೋದ ಮೇಲೆ ನನಗೆ ಭಯ ಶುರುವಾಯಿತು. ಹೋದ ತಿಂಗಳಷ್ಟೇ ವೃತ್ತಿ ನೀತಿಯ ಒಂದು ದಿನದ ತರಗತಿ ಮುಗಿಸಿ ಬಂದಿದ್ದೆ. ಅಲ್ಲಿ ಅಮೆರಿಕದ ಟಾರಸಾಫ್ ಪ್ರಕರಣ ಹೇಳಿದ್ದರು. 1969ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಒಬ್ಬ ವಿದ್ಯಾರ್ಥಿ, ಒಬ್ಬ ಯುವತಿಯನ್ನು ಕೊಲ್ಲುತ್ತೇನೆ ಅಂತ ತನ್ನ ಮನಶ್ಶಾಸ್ತ್ರಜ್ಞರ ಹತ್ತಿರ ಹೇಳಿದ್ದ, ಆಮೇಲೆ ಕೊಂದೇಬಿಟ್ಟ. ಯಾರೂ ಆ ಯುವತಿಗೆ ಮುನ್ಸೂಚನೆ ಕೊಟ್ಟಿರಲಿಲ್ಲ. ಅಪಾಯ ಇದ್ದರೆ ಗುಟ್ಟು ಮುರಿಯಿರಿ, ಇಷ್ಟು ನನ್ನ ತಲೆಯಲ್ಲಿ ಉಳಿದಿತ್ತು. ಇಲ್ಲಿ 13 ವಾರದ ಹಸುಗೂಸು. ನಾಳೆ ಏನಾದರೂ ಆದರೆ? ಗೊತ್ತಿದ್ದೂ ಸುಮ್ಮನಿದ್ದೆ ಅಂತ ಆಗಲ್ವಾ? ನೋಂದಣಿ ಹಾಳೆಯಲ್ಲಿ ಗಂಡನ ನಂಬರ್ ಇತ್ತು. ಫೋನ್ ತೆಗೆದು ಹತ್ತೂ ಅಂಕಿ ಒತ್ತಿದೆ. ಹಸಿರು ಗುಂಡಿ ಒಂದು ಬಾಕಿ.

ಒತ್ತಲಿಲ್ಲ. ಅದು ನನ್ನ ಜಾಣತನ ಏನಲ್ಲ. ನಾವು ಐದು ಜನ ಕೌನ್ಸೆಲರ್‌ಗಳು ಸೇರಿ, ದುಡ್ಡು ಹಾಕಿಕೊಂಡು, ಬೆಂಗಳೂರಿನ ಒಬ್ಬ ಹಿರಿಯ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ತಿಂಗಳಿಗೆ ಎರಡು ಸಲ ವಿಡಿಯೋದಲ್ಲಿ ಮೇಲ್ವಿಚಾರಣೆ ಪಡೆಯುತ್ತೇವೆ. ನಮ್ಮ ನಡುವೆ ಒಂದೇ ಒಂದು ನಿಯಮ. ಗುಟ್ಟು ಮುರಿಯುವ ಮುಂಚೆ, ಜೀವ ಹೋಗುವ ಕ್ಷಣ ಅಲ್ಲದಿದ್ದರೆ, ಒಬ್ಬರಿಗಾದರೂ ಫೋನ್ ಮಾಡಬೇಕು. ಮಾಡಿದೆ.

ಆ ಫೋನ್ ಕರೆ

ಮೇಲ್ವಿಚಾರಕರು ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಪ್ರಶ್ನೆ ಕೇಳಿದರು.

ಆ ಚಿತ್ರ ಬಂದಾಗ ಆಕೆಗೆ ಏನನ್ನಿಸುತ್ತೆ, ಹೌದು ಹಾಗೆ ಮಾಡಬೇಕು ಅನ್ನಿಸುತ್ತಾ, ಇಲ್ಲ ಮೈ ನಡುಗುತ್ತಾ? ಮಗುವಿನ ಬಗ್ಗೆ ವಿಚಿತ್ರ ನಂಬಿಕೆ ಏನಾದರೂ ಇದೆಯಾ, ಇದು ನನ್ನ ಮಗು ಅಲ್ಲ, ಇದರೊಳಗೆ ಏನೋ ಹೊಕ್ಕಿದೆ, ಇದನ್ನು ಈ ಲೋಕದ ಕಷ್ಟದಿಂದ ಪಾರು ಮಾಡಬೇಕು ಅನ್ನೋ ಥರ? ಯಾರದೋ ದನಿ ಕೇಳಿಸುತ್ತಾ? ನಿದ್ದೆಯೇ ಇಲ್ಲದಿದ್ದರೂ ದಣಿವಿಲ್ಲದ ಹಾಗೆ ಓಡಾಡ್ತಾರಾ? ಮಾತು ಎಲ್ಲಿಂದೆಲ್ಲಿಗೋ ಹೋಗುತ್ತಾ, ಹೊತ್ತು ಗೊತ್ತು ತಪ್ಪುತ್ತಾ? ಹಿಂದೆ ಬೈಪೋಲಾರ್, ಅಂದರೆ ಮನಸ್ಸು ಅತಿ ಉತ್ಸಾಹಕ್ಕೂ ಅತಿ ಖಿನ್ನತೆಗೂ ತೂಗಾಡುವ ಕಾಯಿಲೆ ಇದೆ ಅಂತ ಯಾರಾದರೂ ಹೇಳಿದ್ದಾರಾ? ತವರಲ್ಲಿ ಯಾರಿಗಾದರೂ ಹೆರಿಗೆ ಆದ ಮೇಲೆ ಬುದ್ಧಿ ಕೆಟ್ಟಿತ್ತಾ? ಸಾಯಬೇಕು ಅನ್ನಿಸಿದೆಯಾ?

ಇಷ್ಟರಲ್ಲಿ ಎರಡಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇತ್ತು.

"ಹಾಗಾದ್ರೆ ನೀವು ಅಪಾಯ ಎಷ್ಟಿದೆ ಅಂತ ಇನ್ನೂ ಅಳೆದೇ ಇಲ್ಲ. ಅಳೆಯದೆ ಗಂಡನಿಗೆ ಫೋನ್ ಮಾಡಿ ಏನು ಹೇಳ್ತೀರಿ?"

ಸಂಜೆಯೇ ಆಕೆಗೆ ಫೋನ್ ಮಾಡಿ, ಹೇಗಿದ್ದೀರಿ ಅಂತ ವಿಚಾರಿಸಿ, ಆ ಪ್ರಶ್ನೆಗಳಲ್ಲಿ ತೀರಾ ಮುಖ್ಯವಾದವನ್ನು ಕೇಳಿದೆ. ಮರುದಿನ ಬೆಳಗ್ಗೆ ಮತ್ತೆ ಕರೆಸಿ ನಿಧಾನವಾಗಿ ಎಲ್ಲವನ್ನೂ ಕೇಳಿದೆ. ವಿಚಿತ್ರ ನಂಬಿಕೆ ಇಲ್ಲ. ದನಿ ಇಲ್ಲ. ಮಾತು ನೆಟ್ಟಗಿದೆ. ಸಾಯುವ ಯೋಚನೆ ಇಲ್ಲ. ಹತ್ತಿರದ ನೆಂಟರಲ್ಲಿ ಯಾರಿಗೂ ಅಂಥದ್ದಾಗಿಲ್ಲ. ಆ ಚಿತ್ರವನ್ನು ಕಂಡರೆ ಆಕೆಗೆ ಅಸಹ್ಯ, ಭಯ. ಅದರಿಂದ ತಪ್ಪಿಸಿಕೊಳ್ಳೋಕೆ ಇಡೀ ದಿನ ಹೋಗುತ್ತಿದೆ. ಚಿಕ್ಕವರಿದ್ದಾಗ ಪರೀಕ್ಷೆಗೆ ಹೋಗುವ ಮುಂಚೆ ಬಾಗಿಲ ಚಿಲಕವನ್ನು ಹತ್ತು ಸಲ ಎಳೆದು ನೋಡುತ್ತಿದ್ದರಂತೆ. ಅದನ್ನು ಆಕೆ ಕಾಯಿಲೆ ಅಂತ ಯಾವತ್ತೂ ಅಂದುಕೊಂಡಿರಲಿಲ್ಲ.

ಇದು ಒಸಿಡಿ, ಗೀಳು ಕಾಯಿಲೆ. ಗೀಳು ಅಂದರೆ ಪದೇ ಪದೇ ಕೈ ತೊಳೆಯುವುದು ಅಂತ ನಮ್ಮಲ್ಲಿ ಎಷ್ಟೋ ಜನ ಅಂದುಕೊಂಡಿದ್ದಾರೆ, ನಾನೂ ಸೇರಿ. ಪ್ರೀತಿಸುವವರಿಗೇ ತನ್ನ ಕೈಯಿಂದ ಕೇಡಾದೀತು ಅನ್ನುವ ಚಿತ್ರಗಳು ಅದರ ಇನ್ನೊಂದು ಮುಖ. ಹೆರಿಗೆಯ ಆಸುಪಾಸಿನಲ್ಲಿ ಅದು ಶುರುವಾಗುವುದು, ಮೊದಲೇ ಇದ್ದದ್ದು ಜಾಸ್ತಿಯಾಗುವುದು ಹೊಸ ಸಂಗತಿ ಏನಲ್ಲ.

ಇದಕ್ಕೆ ಪೂರ್ತಿ ಬೇರೆಯದು ಹೆರಿಗೆಯ ನಂತರದ ಸೈಕೋಸಿಸ್, ಅಂದರೆ ನಿಜ ಯಾವುದು ಭ್ರಮೆ ಯಾವುದು ಅನ್ನುವ ಅರಿವೇ ತಪ್ಪುವ ಕಾಯಿಲೆ. ಅದು ಸಾವಿರ ಹೆರಿಗೆಗೆ ಒಂದೆರಡರಲ್ಲಿ ಕಾಣಿಸುತ್ತೆ, ಹೆಚ್ಚಿನಂಶ ಮೊದಲ ಎರಡು ವಾರದಲ್ಲೇ ಶುರುವಾಗುತ್ತೆ, ಅವತ್ತೇ ಆಸ್ಪತ್ರೆಗೆ ಸೇರಿಸಬೇಕಾದ ತುರ್ತು. ಅಲ್ಲಿ ತಾಯಿಗೆ ತನ್ನ ಯೋಚನೆ ತಪ್ಪು ಅನ್ನಿಸುವುದೇ ಇಲ್ಲದಿರಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತಾಯಂದಿರನ್ನು ಮಗುವಿನ ಜೊತೆಗೇ ಇಟ್ಟುಕೊಂಡು ನೋಡುವ ತಾಯಿ-ಮಗು ವಿಭಾಗ 2009ರಿಂದ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ ಕೂಡ, ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡಬಾರದು ಅನ್ನುತ್ತೆ. ಆಕೆಯದು ಸೈಕೋಸಿಸ್ ಆಗಿದ್ದರೆ ಫೋನ್ ಮಾಡುವುದೇ ಸರಿ. ಹೊರಗಿಂದ ನೋಡಿದರೆ ಎರಡರಲ್ಲೂ ತಾಯಿಯ ಬಾಯಲ್ಲಿ ಬರುವ ವಾಕ್ಯ ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸ ತಿಳಿಯೋಕೆ ಕಾಯಿಲೆಗಳ ಬಗ್ಗೆ ಓದಿರಬೇಕು, ಕೇಳುವ ಪ್ರಶ್ನೆ ಗೊತ್ತಿರಬೇಕು. ನೀತಿಸಂಹಿತೆಯನ್ನು ಬಾಯಿಪಾಠ ಮಾಡಿದರೆ ಅದು ಬರಲ್ಲ.

ಅವತ್ತು ನಾನು ಫೋನ್ ಮಾಡಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚಿಸುತ್ತೇನೆ. "ನಿಮ್ಮ ಹೆಂಡತಿ ಮಗುವಿಗೆ ಏನಾದರೂ ಮಾಡಬಹುದು" ಅಂತ ಒಬ್ಬ ಕೌನ್ಸೆಲರ್ ಹೇಳಿದ ಮಾತು ಗಂಡನ ಮನೆ ತಲುಪಿದ ಮೇಲೆ ಅದನ್ನು ವಾಪಸ್ ತಗೊಳ್ಳೋಕಾಗುತ್ತಾ? ಮಗುವನ್ನು ಕಿತ್ತುಕೊಂಡು ಹೋಗುತ್ತಿದ್ದರು. ಹಾಲು ಕುಡಿಯುವ ಕೂಸು. ಹುಚ್ಚಿ ಅನ್ನುವ ಹೆಸರು ಆಕೆಯ ಬೆನ್ನು ಬಿಡುತ್ತಿರಲಿಲ್ಲ. ತನ್ನ ಬಗ್ಗೆ ತಾನೇ ಪಡುತ್ತಿದ್ದ ಭಯ ನಿಜ ಅಂತ ಆಕೆಗೆ ಖಾತ್ರಿಯಾಗುತ್ತಿತ್ತು.

ಕಾನೂನು ಏನನ್ನುತ್ತೆ ಅಂತಲೂ ಆಮೇಲೆ ಸರಿಯಾಗಿ ಓದಿದೆ. ಅದೇ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಆರೈಕೆಯಲ್ಲಿ ಸಿಕ್ಕ ಮಾಹಿತಿಯನ್ನು ಆರೋಗ್ಯ ವೃತ್ತಿಪರರು ಗುಟ್ಟಾಗಿ ಇಡಬೇಕು. ಬೇರೆಯವರನ್ನು ಹಾನಿಯಿಂದ ಕಾಪಾಡೋಕೆ ಹೇಳಬಹುದು, ಆದರೆ ಆ ಹಾನಿಯನ್ನು ತಡೆಯೋಕೆ ಎಷ್ಟು ಬೇಕೋ ಅಷ್ಟೇ. ಚಿಕಿತ್ಸೆ ಕೊಡುವ ಇನ್ನೊಬ್ಬ ವೃತ್ತಿಪರರಿಗೆ ಹೇಳೋಕೂ ಅದರಲ್ಲಿ ಅವಕಾಶ ಇದೆ. ಅಂದರೆ ನಿಜವಾಗಿಯೂ ಅನುಮಾನ ಇದ್ದರೆ ಮೊದಲ ಕರೆ ಮನೋವೈದ್ಯರಿಗೆ ಹೋಗಬೇಕಿತ್ತು. ಟಾರಸಾಫ್ ವಿಷಯದಲ್ಲೂ, ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1974ರಲ್ಲಿ ಎಚ್ಚರಿಸಬೇಕು ಅಂದಿತ್ತು, 1976ರಲ್ಲಿ ಮತ್ತೆ ಕೇಳಿ, ಕಾಪಾಡಲು ಸೂಕ್ತ ಎಚ್ಚರ ವಹಿಸಬೇಕು ಅಂತ ಮಾತನ್ನು ತಿದ್ದಿತು. ಎಚ್ಚರಿಸುವುದು ಅದರಲ್ಲಿ ಒಂದು ದಾರಿ ಅಷ್ಟೇ. ಮೇಲಾಗಿ ಅದು ಕ್ಯಾಲಿಫೋರ್ನಿಯಾದ ತೀರ್ಪು, ನಮ್ಮ ಕಾನೂನಲ್ಲ. ನಾನು ಹೋಗಿದ್ದ ತರಗತಿಯಲ್ಲಿ ಇದ್ಯಾವುದೂ ಬರಲಿಲ್ಲ.

ಸಮಾಧಾನ ಹೇಳುವುದು ಯಾಕೆ ತಪ್ಪಾಯಿತು

ಮುಂದಿನ ವಾರ ಗುಂಪಿನ ಸಭೆಯಲ್ಲಿ ಮೂರನೇ ಭೇಟಿಯ ಟಿಪ್ಪಣಿಯನ್ನು ಓದಿದೆ. ಮೇಲ್ವಿಚಾರಕರು "ಆಕೆ ಪ್ರಶ್ನೆ ಕೇಳಿದ್ದೆಷ್ಟು ಸಲ, ನೀವು ಉತ್ತರ ಕೊಟ್ಟಿದ್ದೆಷ್ಟು ಸಲ, ಎಣಿಸಿ" ಅಂದರು. ಎಣಿಸಿದಾಗ ಗೊತ್ತಾಯಿತು, ದೇವರ ಫೋಟೋ ಮುಂದೆ 21 ಸಲ ತಪ್ಪಾಯ್ತು ಅನ್ನುವುದೂ, ನನ್ನ ಮುಂದೆ ಮಾಡಲ್ಲ ಅಲ್ವಾ ಅಂತ ಕೇಳುವುದೂ ಒಂದೇ ಕೆಲಸ. ಎರಡೂ ಭಯವನ್ನು ಐದು ನಿಮಿಷ ಇಳಿಸುತ್ತವೆ, ಆಮೇಲೆ ಅದು ದುಪ್ಪಟ್ಟಾಗಿ ಬರುತ್ತೆ. ಆಕೆಯ ಆಚರಣೆಯಲ್ಲಿ ನಾನೂ ಒಂದು ಭಾಗ ಆಗಿದ್ದೆ.

ರಬ್ಬರ್ ಬ್ಯಾಂಡ್ ಕಥೆಯೂ ಅಷ್ಟೇ. ಔಷಧಿ ಕುಡಿಯುವಾಗ ಕೋತಿಯನ್ನು ನೆನೆಸಿಕೊಳ್ಳಬೇಡ ಅಂದ ಗಾದೆ ನಮ್ಮ ಅಜ್ಜಿಯರಿಗೆಲ್ಲ ಗೊತ್ತು. 1987ರಲ್ಲಿ ಡೇನಿಯಲ್ ವೆಗ್ನರ್ ಅನ್ನುವ ಮನಶ್ಶಾಸ್ತ್ರಜ್ಞರು ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಅಂತ ಜನರಿಗೆ ಹೇಳಿ, ಅದು ಆಗಲ್ಲ ಅಂತ ಪ್ರಯೋಗ ಮಾಡಿಯೇ ತೋರಿಸಿದರು. ಯೋಚನೆಯನ್ನು ತಡೆಯೋಕೆ ಹೋದಷ್ಟೂ ಅದು ಬಾಗಿಲಲ್ಲೇ ಕಾಯುತ್ತೆ. ಗಾದೆ ನನಗೆ ಗೊತ್ತಿತ್ತು, ಪಾಠ ಹೊಳೆದಿರಲಿಲ್ಲ.

ಆಕೆಗೆ ತುಂಬಾ ಸಹಾಯ ಮಾಡಿದ್ದು 1978ರಲ್ಲಿ ರಾಕ್‌ಮನ್ ಮತ್ತು ಡಿ ಸಿಲ್ವಾ ಪ್ರಕಟಿಸಿದ ಅಧ್ಯಯನದ ಮಾತು. ಯಾವ ಕಾಯಿಲೆಯೂ ಇಲ್ಲದ ಜನರನ್ನು ಕೇಳಿದಾಗ ಹತ್ತರಲ್ಲಿ ಸುಮಾರು ಎಂಟು ಜನ, ಬೇಡದ, ಕೆಟ್ಟ ಯೋಚನೆಗಳು ತಮಗೂ ಬರುತ್ತವೆ ಅಂದಿದ್ದರು. ಹೆಚ್ಚಿನವರಿಗೆ ಅದು ಬಂದು ಹೋಗುತ್ತೆ. ಗೀಳು ಇರುವವರಿಗೆ ಮಾತ್ರ, ಇದು ಯಾಕೆ ಬಂತು, ನಾನು ಎಂಥವಳು ಅನ್ನುವ ವಿಚಾರಣೆ ಶುರುವಾಗುತ್ತೆ. ಇದನ್ನು ಹೇಳಿದಾಗ ಆಕೆ "ನಿಮಗೂ ಬರುತ್ತಾ ಮೇಡಂ?" ಅಂದರು. ಬರುತ್ತೆ ಅಂದೆ. ಇಷ್ಟು ತಿಳಿಸಿದ್ದು ಒಂದೇ ಸಲ. ಪದೇ ಪದೇ ಹೇಳಿದರೆ ಅದೂ ಸಮಾಧಾನದ ಗುಳಿಗೆ ಆಗುತ್ತೆ ಅಂತ ಅಷ್ಟರಲ್ಲಿ ಕಲಿತಿದ್ದೆ.

ನನಗೆ ಬಾರದ ಚಿಕಿತ್ಸೆ

ಗೀಳಿಗೆ ಗಟ್ಟಿಯಾದ ಆಧಾರ ಇರುವ ಚಿಕಿತ್ಸೆ ಇಆರ್‌ಪಿ. ಭಯ ಹುಟ್ಟಿಸುವುದಕ್ಕೆ ಹಂತ ಹಂತವಾಗಿ ಎದುರಾಗುವುದು, ಆಗ ತಪ್ಪಾಯ್ತು ಎಣಿಕೆ, ತಪ್ಪಿಸಿಕೊಳ್ಳುವುದು, ಕೇಳಿ ಖಾತ್ರಿ ಮಾಡಿಕೊಳ್ಳುವುದು, ಇವನ್ನು ಮಾಡದೆ ಇರುವುದು. 1966ರಲ್ಲಿ ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ಇಬ್ಬರು ರೋಗಿಗಳ ಮೇಲೆ ಮಾಡಿದ ಕೆಲಸದಿಂದ ಅದು ಬೆಳೆದು ಬಂತು. ನನಗೆ ಅದರ ಹೆಸರು ಗೊತ್ತಿತ್ತು. ಒಂದು ಸಲವೂ ಮಾಡಿರಲಿಲ್ಲ.

ಇಲ್ಲಿ ಎರಡನೇ ನೀತಿ ಪ್ರಶ್ನೆ ಬಂತು. ಬಾರದ ಚಿಕಿತ್ಸೆಯನ್ನು ಮಾಡಬಹುದಾ? ಬಲ್ಲವರ ಹತ್ತಿರ ಕಳಿಸಬೇಕು ಅನ್ನೋದು ಪುಸ್ತಕದ ಉತ್ತರ, ಅದೇ ಸರಿಯಾದ ಉತ್ತರ ಕೂಡ. ಆದರೆ ಬಾಣಂತಿ, ಎಳೇ ಮಗು, ವಾರ ವಾರ ಬೆಂಗಳೂರಿಗೆ ಹೋಗಿ ಬರೋಕೆ ಒಂದು ಇಡೀ ದಿನ, ಅದೂ ಮನೆಯಲ್ಲಿ ಗೊತ್ತಾಗದ ಹಾಗೆ. ಹೋಗಲ್ಲ ಅಂದುಬಿಟ್ಟರು. ಆಗ ಮೇಲ್ವಿಚಾರಕರು ಒಂದು ದಾರಿ ಹಾಕಿಕೊಟ್ಟರು. ಮೊದಲು ಜಿಲ್ಲಾಸ್ಪತ್ರೆಯ ಮನೋವೈದ್ಯರು ನೋಡಲಿ, ರೋಗ ಇದೇ ಅಂತ ಅವರು ಹೇಳಲಿ. ಪ್ರತಿ ಭೇಟಿಗೆ ಮುಂಚೆ ಮತ್ತು ಆದ ಮೇಲೆ ನೀವು ನನ್ನ ಜೊತೆ ಮಾತಾಡಿ. ಮತ್ತೆ, ಇದು ನನಗೆ ಹೊಸದು, ನನ್ನ ಹಿಂದೆ ಒಬ್ಬರು ಅನುಭವಸ್ಥರಿದ್ದಾರೆ, ಅವರಿಗೆ ನಿಮ್ಮ ಹೆಸರು ಗೊತ್ತಿಲ್ಲ ಅಂತ ಆಕೆಗೆ ಬಾಯಿ ಬಿಟ್ಟು ಹೇಳಿ. ಹೇಳಿದೆ. ಹೇಳುವಾಗ ನಾಚಿಕೆ ಆಯಿತು. ಆಕೆ "ಸರಿ ಮೇಡಂ, ಇಬ್ರೂ ಕಲಿಯೋಣ" ಅಂದರು.

ಮನೋವೈದ್ಯರು ಅದೇ ರೋಗ ಅಂದರು. ಸರ್ಟ್ರಾಲಿನ್ ಅನ್ನುವ ಮಾತ್ರೆಯ ಬಗ್ಗೆ, ಅದು ಎದೆಹಾಲಿಗೆ ಬರುವುದು ತೀರಾ ಕಡಿಮೆ ಅನ್ನುವುದರ ಬಗ್ಗೆ ವಿವರವಾಗಿ ಮಾತಾಡಿದರು. ಎರಡು ದಿನ ಯೋಚಿಸಿ ಆಕೆಯೇ ತಗೊಳ್ತೀನಿ ಅಂದರು. ಗೀಳಿನ ತೀವ್ರತೆ ಅಳೆಯುವ ವೈ-ಬಾಕ್ಸ್ ಮಾಪನದಲ್ಲಿ 40ಕ್ಕೆ 27 ಬಂದಿತ್ತು.

ಯಾರಿಗೆ ಹೇಳಬೇಕು ಅನ್ನೋದನ್ನು ಆಕೆಯೇ ತೀರ್ಮಾನಿಸಿದರು. ಅಮ್ಮನಿಗೆ ಹೇಳೋಣ, ಗಂಡನಿಗೆ ಈಗ ಬೇಡ. ಅಮ್ಮನನ್ನು ಕರೆದುಕೊಂಡು ಬಂದರು. ಅಮ್ಮ ಎಲ್ಲ ಕೇಳಿ, ಬಹಳ ಹೊತ್ತು ಸುಮ್ಮನಿದ್ದು, "ನೀನು ಹುಟ್ಟಿದಾಗ ನಂಗೂ ಬಾವಿ ಕಟ್ಟೆ ಹತ್ರ ಹೋಗೋಕೆ ಭಯ ಆಗ್ತಿತ್ತು ಕಣೇ" ಅಂದರು. ಆಕೆ ಅಮ್ಮನನ್ನು ಅವತ್ತೇ ಮೊದಲ ಸಲ ನೋಡುತ್ತಿದ್ದಾರೇನೋ ಅನ್ನುವ ಹಾಗೆ ನೋಡುತ್ತಿದ್ದರು.

ಹುರುಳಿಕಾಯಿ

ಭಯದ ಏಣಿ ಮಾಡಿದೆವು. ಕೆಳಗಿನ ಮೆಟ್ಟಿಲು, ಮಗುವನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗುವುದು. ಮೇಲಿನದು, ಮನೆಯಲ್ಲಿ ಯಾರೂ ಇಲ್ಲದಾಗ, ಮಗು ಪಕ್ಕದಲ್ಲಿರುವಾಗ ಈಳಿಗೆಮಣೆಯಲ್ಲಿ ತರಕಾರಿ ಹೆಚ್ಚುವುದು.

ಆರನೇ ಭೇಟಿಗೆ ಆಕೆ ಕಾಲು ಕೆಜಿ ಹುರುಳಿಕಾಯಿ, ಒಂದು ತಟ್ಟೆ, ಮನೆಯ ಚಾಕು ತಂದರು. ಅಮ್ಮ ಹೊರಗೆ ಬೆಂಚಿನ ಮೇಲೆ ಕೂತರು. ಮಗುವನ್ನು ಚಾಪೆ ಮೇಲೆ ಮಲಗಿಸಿದೆವು, ಆಕೆಯಿಂದ ಎರಡು ಮೊಳ ದೂರ. ನೂರಕ್ಕೆ ಎಷ್ಟು ಭಯ ಅಂದೆ. "90." ಚಾಕು ಹಿಡಿದ ಕೈ ನಡುಗುತ್ತಿತ್ತು. ಮೊದಲ ಹುರುಳಿಕಾಯಿಯ ನಾರು ತೆಗೆಯೋಕೆ ಎರಡು ನಿಮಿಷ ಹಿಡಿಯಿತು. ಆಮೇಲೆ ಬಂತು ಪ್ರಶ್ನೆ. "ನಾನು ಮಾಡಲ್ಲ ಅಲ್ವಾ ಮೇಡಂ?"

ನನ್ನ ನಾಲಿಗೆ ತುದಿಗೆ ಹಳೇ ಉತ್ತರ ಬಂತು. ಅದನ್ನು ನುಂಗಿ "ಆ ಪ್ರಶ್ನೆ ಮತ್ತೆ ಬಂತು ಅಲ್ವಾ. ಇರಲಿ ಬಿಡಿ. ಕೈ ನಿಲ್ಲಿಸಬೇಡಿ" ಅಂದೆ. ಆಕೆಯ ಕಣ್ಣಲ್ಲಿ ನೀರು. ನನಗೂ ಎದೆ ಹೊಡೆದುಕೊಳ್ಳುತ್ತಿತ್ತು. ಅಳುತ್ತಿರುವವರಿಗೆ ಸಮಾಧಾನ ಹೇಳದೆ ಕೂರುವುದು ಎಷ್ಟು ಕಷ್ಟ ಅಂತ ಯಾವ ಸ್ಲೈಡಿನಲ್ಲೂ ಇರಲ್ಲ. ಅದಕ್ಕೇ ಹಿಂದಿನ ದಿನ ಮೇಲ್ವಿಚಾರಕರು ಆಕೆಯ ಪಾತ್ರ ಮಾಡಿ, ಆ ಪ್ರಶ್ನೆಯನ್ನು ನನ್ನ ಮೇಲೆ ಹತ್ತು ಹದಿನೈದು ಸಲ ಎಸೆದಿದ್ದರು.

ಹತ್ತನೇ ನಿಮಿಷಕ್ಕೆ 80. ಇಪ್ಪತ್ತಕ್ಕೆ 70. ಮಗು ಒಂದು ಸಲ ಎಚ್ಚರಾಗಿ ಕಾಲು ಆಡಿಸಿ ಏನೋ ಸದ್ದು ಮಾಡಿತು, ಭಯ ಮತ್ತೆ 85ಕ್ಕೆ ಏರಿತು. ಆಕೆ ಚಾಕು ಕೆಳಗಿಡಲಿಲ್ಲ. ನಲವತ್ತು ನಿಮಿಷದ ಹೊತ್ತಿಗೆ 45. ತಟ್ಟೆ ತುಂಬಾ ಸಣ್ಣಗೆ, ಒಂದೇ ಅಳತೆಗೆ ಹೆಚ್ಚಿದ ಹುರುಳಿಕಾಯಿ. ಆಕೆ ಅದನ್ನು ನೋಡಿ "ಇವತ್ತು ಇದೇ ಪಲ್ಯ" ಅಂದರು.

ಏನೂ ಅರಿಯದ ಮಗುವನ್ನು ಇಂಥ ಅಭ್ಯಾಸದಲ್ಲಿ ಸೇರಿಸಬಹುದಾ ಅಂತ ನಮ್ಮ ಗುಂಪಿನಲ್ಲಿ ಒಬ್ಬರು ಕೇಳಿದರು. ಒಳ್ಳೇ ಪ್ರಶ್ನೆ. ಲಕ್ಷಾಂತರ ಮನೆಗಳಲ್ಲಿ ತಾಯಂದಿರು ದಿನಾ ಮಾಡುವ ಕೆಲಸಕ್ಕಿಂತ ಹೆಚ್ಚಿನದೇನನ್ನೂ ನಾವು ಮಾಡಲಿಲ್ಲ, ಮನೋವೈದ್ಯರ ತಪಾಸಣೆ ಆದ ಮೇಲಷ್ಟೇ ಮಾಡಿದೆವು, ಆಕೆ ಮತ್ತು ಅಮ್ಮ ಇಬ್ಬರೂ ತಿಳಿದು ಒಪ್ಪಿದ್ದರು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ನಾನು ಮಾಡುತ್ತಿರಲಿಲ್ಲ.

ಮನೆ ಅಭ್ಯಾಸ ವಾರ ವಾರ ಏರಿತು. ಎಂಟನೇ ವಾರ ಅಟ್ಟದಿಂದ ಈಳಿಗೆಮಣೆ ಇಳಿಯಿತು. ಈ ಸಲ ನಿಜವಾಗಲೂ ತುಕ್ಕು ಹಿಡಿದಿತ್ತಂತೆ, ಹುಣಸೆಹಣ್ಣು ಹಾಕಿ ಉಜ್ಜಿದರಂತೆ.

ಅತ್ತೆ ಬಂದರು

ಒಂದು ಮಧ್ಯಾಹ್ನ ಆಕೆಯ ಅತ್ತೆ ನೇರವಾಗಿ ಕ್ಲಿನಿಕ್ಕಿಗೆ ಬಂದರು. ಒಳ್ಳೇ ಹೆಂಗಸು, ಮುಖದಲ್ಲಿ ಆತಂಕ. "ನಮ್ಮ ಸೊಸೆ ನಿಮ್ಮ ಹತ್ರ ಬರ್ತಾಳಂತೆ. ನಾನು ನಿಮ್ಮ ದೊಡ್ಡಮ್ಮನಿಗೆ ಚೆನ್ನಾಗಿ ಗೊತ್ತು ಕಣಮ್ಮ. ನನ್ನ ಮಗಳು ಅಂತ ತಿಳ್ಕೊಂಡು ಕೇಳ್ತಿದ್ದೀನಿ, ಏನಾಗಿದೆ ಅವಳಿಗೆ?"

ಚಿಕ್ಕ ಊರಿನಲ್ಲಿ ಗುಟ್ಟು ಕಾಯುವುದು ಅಂದರೆ ಇದು. ಎದುರಿಗಿರುವುದು ಕೋರ್ಟ್ ಆದೇಶ ಅಲ್ಲ, ದೊಡ್ಡಮ್ಮನ ಸ್ನೇಹಿತೆ. "ಹೌದು ಬರ್ತಾರೆ, ಆದ್ರೆ ಹೇಳೋಕಾಗಲ್ಲ" ಅಂದರೂ ಅರ್ಧ ಹೇಳಿದ ಹಾಗೇ. ನಾನು ನೀರು ಕೊಟ್ಟು, ಕೂರಿಸಿ, "ಅಮ್ಮ, ಇಲ್ಲಿಗೆ ಯಾರು ಬರ್ತಾರೆ, ಯಾರು ಬರಲ್ಲ ಅನ್ನೋದನ್ನೂ ನಾನು ಹೇಳೋ ಹಾಗಿಲ್ಲ. ನಾಳೆ ನೀವೇ ಬಂದರೂ ಯಾರಿಗೂ ಹೇಳಲ್ಲ. ಸೊಸೆ ಬಗ್ಗೆ ಚಿಂತೆ ಇದ್ರೆ ಅವಳನ್ನೇ ಪ್ರೀತಿಯಿಂದ ಕೇಳಿ" ಅಂದೆ. ಅವರಿಗೆ ಬೇಜಾರಾಯಿತು. ದೊಡ್ಡಮ್ಮನ ಹತ್ತಿರ ದೂರೂ ಹೋಯಿತು. ದೊಡ್ಡಮ್ಮ ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಇದನ್ನು ಮುಂದಿನ ಭೇಟಿಯಲ್ಲಿ ಆಕೆಗೆ ತಿಳಿಸಿದೆ, ನಾನು ಏನು ಹೇಳಿದೆ ಅನ್ನೋದನ್ನು ಅಕ್ಷರ ಅಕ್ಷರ ಒಪ್ಪಿಸಿದೆ.

ಅದೇ ಭೇಟಿಯಲ್ಲಿ ಇನ್ನೊಂದನ್ನೂ ಹೇಳಿದೆ. ಮೂರನೇ ಭೇಟಿಯ ದಿನ ನಾನು ಗಂಡನ ನಂಬರ್ ಒತ್ತಿದ್ದ ಸಂಗತಿ. ಹೇಳಬೇಕಾ ಬೇಡವಾ ಅಂತ ಮೇಲ್ವಿಚಾರಣೆಯಲ್ಲಿ ತುಂಬಾ ಚರ್ಚೆ ಆಗಿತ್ತು. ನನ್ನ ಮನಸ್ಸಿನ ಭಾರ ಇಳಿಸೋಕೆ ಹೇಳುವುದಾದರೆ ಬೇಡ, ಆಕೆಗೆ ಉಪಯೋಗ ಇದ್ದರೆ ಹೇಳಿ ಅಂದಿದ್ದರು. ಆಕೆ ಕೇಳಿ ಸುಮ್ಮನಾದರು. ಆಮೇಲೆ "ಅವತ್ತು ನಿಮ್ಮ ಮುಖ ನೋಡಿಯೇ ನಂಗೆ ಗೊತ್ತಾಗಿತ್ತು, ನೀವು ಹೆದರಿದ್ರಿ ಅಂತ. ಅದಕ್ಕೇ ಮನೆಗೆ ಹೋಗಿ ಇನ್ನೂ ಜಾಸ್ತಿ ಎಣಿಸಿದೆ" ಅಂದರು.

ನಾವು ಕಲಿಯುವ ರೀತಿ

ನಮ್ಮಂಥ ಕೌನ್ಸೆಲರ್‌ಗಳ ಸ್ಥಿತಿ ಸ್ವಲ್ಪ ಹೇಳಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆ, ಅದನ್ನು ನವೀಕರಿಸೋಕೆ ಮುಂದುವರಿದ ಶಿಕ್ಷಣದ ಅಂಕಗಳು ಬೇಕು. 2017ರ ಕಾಯ್ದೆಯಲ್ಲಿ ಮಾನಸಿಕ ಆರೋಗ್ಯ ವೃತ್ತಿಪರರು ಅಂತ ಹೆಸರಿಸಿದವರಲ್ಲಿ ಕೌನ್ಸೆಲರ್ ಇಲ್ಲ. 2021ರ ಸಹಾಯಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಕಾಯ್ದೆ ಕೌನ್ಸೆಲರ್‌ಗಳನ್ನು ತನ್ನ ಪಟ್ಟಿಗೆ ಸೇರಿಸಿದೆ. ನಾನು ಕೆಲಸ ಶುರು ಮಾಡಿದಾಗಿಂದ ಇವತ್ತಿನವರೆಗೆ, ವರ್ಷಕ್ಕೆ ಇಷ್ಟು ಕಲಿತೆಯಾ ಅಂತ ನನ್ನನ್ನು ಯಾರೂ ಕೇಳಿಲ್ಲ. ಕಲಿಯುವುದು ಬಿಡುವುದು ನಮ್ಮ ನಮ್ಮ ಮನಸ್ಸಾಕ್ಷಿಗೆ ಬಿಟ್ಟಿದ್ದು. ಆ ಜಾಗವನ್ನು ಎರಡು ದಿನದ ಕಾರ್ಯಾಗಾರಗಳು ತುಂಬಿವೆ.

ಕಾರ್ಯಾಗಾರಗಳು ಬೇಡ ಅನ್ನುತ್ತಿಲ್ಲ. ಅಷ್ಟಕ್ಕೇ ನಿಲ್ಲಬಾರದು ಅಂತ ಹೇಳುತ್ತಿದ್ದೇನೆ. 2004ರಲ್ಲಿ ವಿಲಿಯಂ ಮಿಲ್ಲರ್ ಮತ್ತು ಸಂಗಡಿಗರು ಅಮೆರಿಕದಲ್ಲಿ ವ್ಯಸನ ಚಿಕಿತ್ಸೆಯ 140 ವೃತ್ತಿಪರರಿಗೆ ಪ್ರೇರಣಾ ಸಂದರ್ಶನ, ಅಂದರೆ ಬದಲಾಗಬೇಕು ಅನ್ನುವ ಮನಸ್ಸು ಎದುರಿನವರಲ್ಲೇ ಹುಟ್ಟುವ ಹಾಗೆ ಮಾತಾಡಿಸುವ ವಿಧಾನ ಕಲಿಸಿ ನೋಡಿದರು. ಬರೀ ಕಾರ್ಯಾಗಾರ ಮುಗಿಸಿ ಹೋದವರ ಕೌಶಲ ತಿಂಗಳುಗಳಲ್ಲಿ ಕರಗಿತು. ತಮ್ಮ ಭೇಟಿಗಳ ಧ್ವನಿಮುದ್ರಣದ ಮೇಲೆ ಅಭಿಪ್ರಾಯವೋ, ಫೋನಿನಲ್ಲಿ ಮಾರ್ಗದರ್ಶನವೋ ಸಿಕ್ಕವರಲ್ಲಿ ಅದು ಉಳಿಯಿತು. ನನ್ನ ಅನುಭವವೂ ಅದೇ. ನನಗೆ ಇಆರ್‌ಪಿ ಬಂದಿದ್ದು ಹುರುಳಿಕಾಯಿಯ ಹಿಂದಿನ ದಿನ ಯಾರೋ ನನ್ನನ್ನು ಹದಿನೈದು ಸಲ ಪರೀಕ್ಷಿಸಿದ್ದರಿಂದ, ಮರುದಿನ ಎಲ್ಲಿ ಎಡವಿದೆ ಅಂತ ತೋರಿಸಿದ್ದರಿಂದ.

ಈಗ ನಮ್ಮ ಐದು ಜನರ ಗುಂಪು ನೀತಿ ಪಾಠಕ್ಕೆ ಬೇರೆ ದಿನ ಇಟ್ಟಿಲ್ಲ. ಪ್ರತಿ ಪ್ರಕರಣದಲ್ಲೂ ಎರಡನ್ನೂ ಒಟ್ಟಿಗೆ ಕೇಳಿಕೊಳ್ಳುತ್ತೇವೆ. ಬಾಣಂತಿಯರು ಬಂದರೆ ಎಡಿನ್‌ಬರೋ ಪಟ್ಟಿ ಆದ ಮೇಲೆ ಒಂದು ಪ್ರಶ್ನೆ ಸೇರಿಸುತ್ತೇವೆ: "ಎಷ್ಟೋ ತಾಯಂದಿರಿಗೆ ಮಗುವಿನ ಬಗ್ಗೆ ಹೆದರಿಸುವಂಥ, ಬೇಡದ ಯೋಚನೆಗಳು ತಾನಾಗಿ ಬರುತ್ತವೆ. ನಿಮಗೂ ಬರುತ್ತಾ?" ಮೊದಲ ದಿನದ ಆ ವಾಕ್ಯವನ್ನೂ ಬದಲಾಯಿಸಿದ್ದೇವೆ. ನಾನು ಈಗ ಹೀಗೆ ಹೇಳುತ್ತೇನೆ: "ನಿಮಗೆ ಬರುವ ಯೋಚನೆ ಎಷ್ಟೇ ಕೆಟ್ಟದ್ದಿರಲಿ, ಯೋಚನೆ ಬಂತು ಅನ್ನೋ ಒಂದೇ ಕಾರಣಕ್ಕೆ ನಾನು ಯಾರಿಗೂ ಹೇಳಲ್ಲ. ನಿಜವಾಗಿ ಯಾರ ಜೀವಕ್ಕಾದರೂ ಅಪಾಯ ಇದೆ ಅಂತ ಕಂಡರೆ, ಸಾಧ್ಯವಾದಷ್ಟು ಮೊದಲು ನಿಮ್ಮ ಜೊತೆ ಮಾತಾಡಿ, ಆಮೇಲೆ ಎಷ್ಟು ಬೇಕೋ ಅಷ್ಟನ್ನೇ, ಯಾರಿಗೆ ಬೇಕೋ ಅವರಿಗೆ ಹೇಳುತ್ತೇನೆ." ಉದ್ದ ಆಯಿತು, ಗೊತ್ತು. ಕೇಳುವವರ ಭುಜ ಸಡಿಲಾಗುವುದು ಕಣ್ಣಿಗೆ ಕಾಣುತ್ತೆ.

ಇದನ್ನು ಓದುವ ಯಾವುದಾದರೂ ತಾಯಿಗೆ ಇದು ತನ್ನದೇ ಕಥೆ ಅನ್ನಿಸಿದರೆ, ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.

ಹದಿನಾರು ಭೇಟಿಗಳ ಕೊನೆಗೆ ವೈ-ಬಾಕ್ಸ್ 9ಕ್ಕೆ ಇಳಿದಿತ್ತು. ಆ ಚಿತ್ರ ಈಗಲೂ ಒಮ್ಮೊಮ್ಮೆ ಬರುತ್ತಂತೆ, ಜ್ವರ ಬಂದಾಗ, ನಿದ್ದೆಗೆಟ್ಟಾಗ. ಮಾತ್ರೆ ಮುಂದುವರಿದಿದೆ. ಗಂಡನಿಗೆ ಆಕೆ ಇನ್ನೂ ಹೇಳಿಲ್ಲ, ಮುಂದಿನ ಮಗು ಬೇಕು ಅನ್ನಿಸಿದರೆ ಅದಕ್ಕೂ ಮುಂಚೆ ಹೇಳುತ್ತಾರಂತೆ, ಆಗ ಜೊತೆಗೆ ಬರಬೇಕು ಅಂತ ನನ್ನನ್ನು ಕೇಳಿದ್ದಾರೆ. ಈ ಬರಹವನ್ನು ಓದೋಕೆ ಕೊಟ್ಟಾಗ ಎರಡು ಕಡೆ ಗೀಟು ಹಾಕಿ ತೆಗೆಸಿದರು, ತೆಗೆದಿದ್ದೇನೆ. ಒಂದು ಕಡೆ ನಾನು ಗುರುತು ಮರೆಸೋಕೆ ಅಂತ ಹುರುಳಿಕಾಯಿಯನ್ನು ಬೀಟ್‌ರೂಟ್ ಮಾಡಿದ್ದೆ. ಅದನ್ನು ಹೊಡೆದು ಹಾಕಿ, ಪಕ್ಕದಲ್ಲಿ ಹುರುಳಿಕಾಯಿ ಅಂತ ಅವರೇ ಪೆನ್ನಲ್ಲಿ ಬರೆದುಕೊಟ್ಟರು.